ಆಟದ ಕವರ್‌ಗೆ ಯಾವ ಚಿತ್ರ? ಮುಖ, ದೃಶ್ಯ, ವಸ್ತು, ಹೆಸರು: ಒಂದು ಹೋಲಿಕೆ

ನಾನು ಒಂದು ಪುಟ್ಟ ಕಂಪ್ಯೂಟರ್ ಆಟ ಮಾಡಿದ್ದೇನೆ. ಕಥೆ ನಡೆಯುವುದು 1950ರ ದಶಕದಲ್ಲಿ, ಮುಂಬೈಯ ಮಾಟುಂಗಾದಲ್ಲಿ. ಕುಂದಾಪುರದ ಕಡೆಯಿಂದ ಬಂದ ಹುಡುಗನೊಬ್ಬ ಹಗಲು ಉಡುಪಿ ಹೋಟೆಲಿನಲ್ಲಿ ಕಾಫಿ ಕೊಡುತ್ತಾನೆ, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಾನೆ. ಗಿರಾಕಿಗಳನ್ನು ಸುಧಾರಿಸಿ, ಮಾಲೀಕರ ಕಣ್ಣಿಗೆ ಒಳ್ಳೆಯವನಾಗಿ, ಗಂಟೆ ಹೊಡೆಯುವ ಮೊದಲು ಶಾಲೆ ಮುಟ್ಟಬೇಕು. ನನ್ನ ಅಜ್ಜನ ಕಥೆಯೂ ಹೆಚ್ಚುಕಡಿಮೆ ಇದೇ. ಮುಂಬೈಯ ಎಷ್ಟೋ ಕನ್ನಡ ಮನೆಗಳ ಕಥೆ ಇದು.

ಆಟ ಮಾಡಲು ಎರಡು ವರ್ಷ ಹಿಡಿಯಿತು. ಅದರ ಕವರ್ ಸರಿಮಾಡಲು ಐದು ತಿಂಗಳು. ನಾಲ್ಕು ಬಗೆಯ ಕವರ್ ಮಾಡಿ, ಮೂರನ್ನು ಪಕ್ಕಕ್ಕಿಟ್ಟೆ. ಈಚೆಗೆ ಮುಂಬೈ, ಪುಣೆಯ ಗೆಳೆಯರು ತಮ್ಮ ಕವರ್ ಕಳಿಸಿ ಯಾವುದು ಇಡಲಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಚಿತ್ರಕ್ಕಿಂತ ಮೊದಲು ಅಳತೆ

ಸ್ಟೀಮ್ ಅನ್ನುವುದು ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ. ಅಲ್ಲಿ 100 ಡಾಲರ್ ಕಟ್ಟಿ ಆಟದ ಪೇಜ್ ತೆರೆದ ಮೇಲೆ ಅದು ಒಂದು ಕವರ್ ಕೇಳುವುದಿಲ್ಲ, ಒಂದು ರಾಶಿ ಕೇಳುತ್ತದೆ. ಇವನ್ನು ಕ್ಯಾಪ್ಸೂಲ್ ಅನ್ನುತ್ತಾರೆ. ಪೇಜ್‌ನ ತಲೆಯ ಮೇಲೆ ಕೂರುವ ಹೆಡರ್ ಕ್ಯಾಪ್ಸೂಲ್ 920 × 430 ಪಿಕ್ಸೆಲ್ (ಪರದೆಯ ಚುಕ್ಕೆ). ಮುಖಪುಟದ ದೊಡ್ಡ ಜಾಗಕ್ಕೆ ಮೇನ್ ಕ್ಯಾಪ್ಸೂಲ್, 1232 × 706. ಸೇಲ್ ಸಮಯದಲ್ಲಿ ಬಳಸುವ ನಿಂತ ಆಕಾರದ್ದು 748 × 896. ಪಟ್ಟಿಗಳಲ್ಲಿ ಬರುವ ಸ್ಮಾಲ್ ಕ್ಯಾಪ್ಸೂಲ್ 462 × 174. ಆಟ ಕೊಂಡವರ ಲೈಬ್ರರಿಯಲ್ಲಿ ಕಾಣುವುದು 600 × 900.

ಎಲ್ಲರೂ 1232 × 706 ನೋಡಿ ಖುಷಿಯಾಗುತ್ತಾರೆ. ಕಂಪ್ಯೂಟರ್ ಪರದೆ ತುಂಬಾ ಚಿತ್ರ ಹರಡಿಕೊಂಡು ಬಣ್ಣ ಹಚ್ಚುತ್ತಾರೆ. ಆದರೆ ಹೊಸ ಆಟವೊಂದು ಮುಖಪುಟದ ದೊಡ್ಡ ಜಾಗಕ್ಕೆ ಬರುವುದು ಅಪರೂಪ. ಜನ ಮೊದಲು ನೋಡುವುದು ಹುಡುಕಾಟದ ಪಟ್ಟಿಯಲ್ಲಿ. ಅಲ್ಲಿ ಸ್ಟೀಮ್ ನಿಮ್ಮ ಸ್ಮಾಲ್ ಕ್ಯಾಪ್ಸೂಲನ್ನು ತಾನೇ ಕುಗ್ಗಿಸಿ 120 × 45 ಮಾಡುತ್ತದೆ. ಅಂದರೆ ಒಟ್ಟು 5,400 ಚುಕ್ಕೆ. ದೊಡ್ಡ ಚಿತ್ರದಲ್ಲಿ ಇದರ 160 ಪಟ್ಟು ಚುಕ್ಕೆಗಳಿರುತ್ತವೆ. ನೀವು ಬರೆದ ಚಿತ್ರದ ಹೆಚ್ಚಿನ ಪಾಲು ಆ ಪಟ್ಟಿಯಲ್ಲಿ ಇರುವುದೇ ಇಲ್ಲ ಅಂತ ಲೆಕ್ಕ.

ಲೋಕಲ್ ಟ್ರೇನಿನ ಕಿಟಕಿ ನೆನಪು ಮಾಡಿಕೊಳ್ಳಿ. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲದೆ ಓಡುವಾಗಲೂ ಸ್ಟೇಷನ್ ಹೆಸರು ಓದಲು ಬರುತ್ತದೆ, ಅಲ್ವಾ? ಹಳದಿ ಫಲಕ, ಕಪ್ಪು ಅಕ್ಷರ, ಸುತ್ತ ಬೇರೇನೂ ಇಲ್ಲ. ಅದೇ ಪ್ಲಾಟ್‌ಫಾರ್ಮಿನ ಗೋಡೆಯ ಮೇಲಿನ ಚೆಂದದ ಚಿತ್ರದಲ್ಲಿ ಏನಿತ್ತು ಅಂತ ಕೇಳಿದರೆ ಬಣ್ಣ ಮಾತ್ರ ನೆನಪಿರುತ್ತದೆ. ಹುಡುಕಾಟದ ಪಟ್ಟಿಯನ್ನು ಬೆರಳಲ್ಲಿ ಸರಿಸುವವರು ಕೂತಿರುವುದು ಈ ಫಾಸ್ಟ್ ಲೋಕಲ್‌ನಲ್ಲಿ.

ಹಾಗಾಗಿ ಕೆಳಗಿನ ಹೋಲಿಕೆಯನ್ನೆಲ್ಲ ನಾನು ಮಾಡಿದ್ದು 120 × 45ರಲ್ಲಿ. ಅಲ್ಲಿ ಗೆದ್ದ ಚಿತ್ರವನ್ನು ದೊಡ್ಡದು ಮಾಡಬಹುದು. ದೊಡ್ಡದರಲ್ಲಿ ಗೆದ್ದದ್ದನ್ನು ಚಿಕ್ಕದು ಮಾಡಲು ಹೊರಟರೆ ಕೆಲಸ ಕೆಡುತ್ತದೆ.

ನಾಲ್ಕು ದಾರಿ

ನನ್ನ ಮೊದಲ ಕವರ್ ಇಡೀ ಹೋಟೆಲಿನ ದೃಶ್ಯ. ಅಮೃತಶಿಲೆಯ ಮೇಜು, ಮರದ ಕುರ್ಚಿ, ಗಲ್ಲಾ ಮೇಲೆ ಮಾಲೀಕರು, ಗೋಡೆಯಲ್ಲಿ ದೇವರ ಫೋಟೋ, 14 ಜನ ಗಿರಾಕಿಗಳು, ನಡುವೆ ನಮ್ಮ ಹುಡುಗ. ಮೂರು ವಾರ ಕೂತು ಬರೆದೆ. ಒಬ್ಬೊಬ್ಬ ಗಿರಾಕಿಗೂ ಒಂದು ಮುಖ ಕೊಟ್ಟಿದ್ದೆ. ದೊಡ್ಡ ಪರದೆಯಲ್ಲಿ ಅದು ಇವತ್ತಿಗೂ ನನಗೆ ತುಂಬಾ ಇಷ್ಟ. 120 × 45ಕ್ಕೆ ಇಳಿಸಿದಾಗ ಕಂದು ಬಣ್ಣದ ಕಲೆ ಉಳಿಯಿತು. ಅದು ಹೋಟೆಲೋ, ಗ್ರಂಥಾಲಯವೋ, ರೈಲಿನ ಡಬ್ಬಿಯೋ ಹೇಳಲು ಬರಲಿಲ್ಲ.

ದೃಶ್ಯ ಯಾವಾಗ ಗೆಲ್ಲುತ್ತದೆ? ಜಾಗವೇ ಆಟದ ಜೀವವಾಗಿದ್ದಾಗ. ಊರು ಕಟ್ಟುವ ಆಟ, ತೋಟ ಮಾಡುವ ಆಟ, ದೊಡ್ಡ ಬಯಲಿನಲ್ಲಿ ಒಬ್ಬನೇ ಅಲೆಯುವ ಆಟ. ಆಗಲೂ ದೃಶ್ಯದಲ್ಲಿ ಎರಡು ಅಥವಾ ಮೂರು ದೊಡ್ಡ ಆಕಾರ ಮಾತ್ರ ಇರಬೇಕು. ಒಂದು ಗುಡ್ಡ, ಒಂದು ಮನೆ, ಒಂದು ಆಕಾಶ. ಇದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಲೈಬ್ರರಿಯ ಹೀರೋ ಚಿತ್ರಕ್ಕೆ, ಅಂದರೆ ಕೊಂಡ ಆಟದ ಪೇಜ್‌ನ ತಲೆಯ ಮೇಲಿನ ಅಗಲದ ಚಿತ್ರಕ್ಕೆ, ಎತ್ತಿಡಿ. ಅದು 3840 × 1240, ಅದರ ಮೇಲೆ ಹೆಸರು ಬರೆಯಬಾರದು. ಹೆಸರಿನ ಲೋಗೋವನ್ನು ಸ್ಟೀಮ್ ಬೇರೆ ಫೈಲಾಗಿ ಕೇಳುತ್ತದೆ. ನನ್ನ 14 ಗಿರಾಕಿಗಳು ಈಗ ಅಲ್ಲಿ ಆರಾಮಾಗಿ ಕೂತಿದ್ದಾರೆ.

ಎರಡನೆಯದು ಮುಖ. ಹುಡುಗನ ಮುಖ, ಹತ್ತಿರದಿಂದ. ಮನುಷ್ಯರ ಕಣ್ಣು ಮೊದಲು ಹುಡುಕುವುದೇ ಮುಖವನ್ನು. ಎಷ್ಟೇ ಚಿಕ್ಕದಾದರೂ ಎರಡು ಕಣ್ಣು, ಒಂದು ಬಾಯಿ ಗೊತ್ತಾಗುತ್ತದೆ. ಈ ಲಾಭ ದೊಡ್ಡದು. ಕಥೆ ಮುಖ್ಯವಾದ ಆಟಕ್ಕೆ, ಒಂದೇ ಪಾತ್ರದ ಬೆನ್ನ ಹಿಂದೆ ಸಾಗುವ ಆಟಕ್ಕೆ ಇದು ಒಳ್ಳೆಯ ದಾರಿ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’ ಅಂಥ ಆಟ. ಕಳೆದುಹೋದ ತಮ್ಮನನ್ನು ಹುಡುಕುತ್ತಾ ಅಸುರರ ಜೊತೆ ಹೊಡೆದಾಡುವ ಹುಡುಗಿ ರಾಜಿ. ಆಟದ ಹೆಸರೇ ಅವಳ ಹೆಸರು. ಇಂಥ ಆಟಕ್ಕೆ ಅವಳನ್ನು ಬಿಟ್ಟು ಗುಡಿಯ ಗೋಪುರವನ್ನೋ ಕೋಟೆಯನ್ನೋ ಕವರ್ ಮಾಡಿದರೆ ಅರ್ಥವಿರುವುದಿಲ್ಲ.

ಆದರೆ ನನ್ನ ಹುಡುಗನ ಮುಖ ಒಂದು ತಪ್ಪು ಮಾತು ಹೇಳುತ್ತಿತ್ತು. ಮುಖ ನೋಡಿದವರು ಇದನ್ನು ಓದುವ ಕಥೆ ಅಂದುಕೊಂಡರು. ಬಟನ್ ಒತ್ತುತ್ತಾ ಸಂಭಾಷಣೆ ಓದುವ ಆಟ ಅಂತ. ನನ್ನ ಆಟದಲ್ಲಿ ಕೈ ಒಂದು ನಿಮಿಷ ಬಿಡುವಾಗಿರುವುದಿಲ್ಲ. ಓಡಬೇಕು, ಲೋಟ ಎತ್ತಬೇಕು, ಮೇಜು ಒರೆಸಬೇಕು. ಮುಖದಲ್ಲಿ ಭಾವನೆ ಇತ್ತು, ಕೆಲಸ ಇರಲಿಲ್ಲ.

ಇಲ್ಲಿ ಯಕ್ಷಗಾನದ ಮಾತು ಬರುತ್ತದೆ. ಕುರ್ಲಾದ ಬಂಟರ ಭವನದಂಥ ದೊಡ್ಡ ಸಭಾಂಗಣದಲ್ಲಿ ಆಟ ಇದ್ದಾಗ ಕೊನೇ ಸಾಲಿನಲ್ಲಿ ಕೂತು ನೋಡಿ. ವೇಷ ರಂಗಸ್ಥಳಕ್ಕೆ ಬಂದ ಕೂಡಲೇ, ಹೆಸರು ಹೇಳುವ ಮೊದಲೇ, ಬಣ್ಣದ ವೇಷವೋ, ಪುಂಡು ವೇಷವೋ, ಸ್ತ್ರೀ ವೇಷವೋ ಗೊತ್ತಾಗಿಬಿಡುತ್ತದೆ. ಮುಖ ಕಾಣದಿದ್ದರೂ ಪರವಾಗಿಲ್ಲ. ಕಿರೀಟದ ಅಗಲ, ಭುಜದ ಹರವು, ನಿಂತ ಭಂಗಿ ಸಾಕು. ದೀವಟಿಗೆ ಬೆಳಕಿನಲ್ಲಿ, ಬಯಲಿನಲ್ಲಿ, ದೂರ ಕೂತವರಿಗೆ ಕಾಣಲಿ ಅಂತ ತಲೆಮಾರುಗಳಿಂದ ತಿದ್ದಿದ ಆಕಾರಗಳು ಅವು. ನಿಮ್ಮ ಪಾತ್ರವನ್ನು ಕವರ್‌ನಲ್ಲಿ ಇಡುವುದಾದರೆ ಅದನ್ನು ಪೂರ್ತಿ ಕಪ್ಪು ಮಾಡಿ ನೋಡಿ. ಬರೀ ನೆರಳಿನಿಂದ ಯಾರು ಅಂತ ತಿಳಿಯುತ್ತದಾ? ತಿಳಿಯದಿದ್ದರೆ ತಪ್ಪು ಬಣ್ಣದ್ದಲ್ಲ, ಭಂಗಿಯದು.

ಮೂರನೆಯದು ವಸ್ತು ಅಥವಾ ಚಿಹ್ನೆ. ಒಂದು ಕೀಲಿ, ಒಂದು ಕತ್ತಿ, ಒಂದು ಇಸ್ಪೀಟು ಎಲೆ. ಒಗಟಿನ ಆಟ, ಎಲೆಗಳ ಆಟ, ಭಯದ ಆಟಗಳಿಗೆ ಇದು ಸೊಗಸಾಗಿ ಹೊಂದುತ್ತದೆ. ಚಿಕ್ಕದರಲ್ಲಿ ಇದರಷ್ಟು ಚೊಕ್ಕ ಬೇರೆ ಯಾವುದೂ ಕಾಣುವುದಿಲ್ಲ. ತೊಂದರೆ ಏನೆಂದರೆ ವಸ್ತು ತಾನಾಗಿ ಮಾತಾಡುವುದಿಲ್ಲ. ನಾನು ದಬರಾ ಲೋಟ ಒಂದನ್ನು ಮೇಜಿನ ಮೇಲಿಟ್ಟು ಬರೆದೆ. ಹಬೆ ಏಳುತ್ತಿತ್ತು. ಚೆನ್ನಾಗಿತ್ತು. ಪುಣೆಯಲ್ಲಿ ಆಟ ಆಡುವ ಹುಡುಗರಿಗೆ ತೋರಿಸಿದರೆ, ಕಾಫಿ ಮಾಡುವ ಆಟನಾ ಅಂತ ಕೇಳಿದರು. ಇನ್ನೊಬ್ಬ ಇದು ಕಾಫಿ ಪುಡಿಯ ಜಾಹೀರಾತಿನ ಹಾಗಿದೆ ಅಂದ.

ನಾಲ್ಕನೆಯದು ಬರೀ ಹೆಸರು. ಬಣ್ಣದ ಹಿನ್ನೆಲೆ, ದಪ್ಪ ಅಕ್ಷರ, ಅಷ್ಟೇ. ಹೆಸರೇ ಕಥೆ ಹೇಳುವಂತಿದ್ದರೆ, ಅಥವಾ ಇದು ನಿಮ್ಮ ಹೆಸರಾದ ಆಟದ ಎರಡನೇ ಭಾಗವಾಗಿದ್ದರೆ ನಡೆಯುತ್ತದೆ. ಮೊದಲ ಆಟಕ್ಕೆ ನಾನು ಬೇಡ ಅನ್ನುತ್ತೇನೆ. ಯಾರಿಗೂ ಗೊತ್ತಿಲ್ಲದ ಹೆಸರನ್ನು ಎಷ್ಟು ದೊಡ್ಡದಾಗಿ ಬರೆದರೂ ಅದು ಗೊತ್ತಿಲ್ಲದ ಹೆಸರೇ.

ನಾನು ಕೊನೆಗೆ ಇಟ್ಟದ್ದು ಈ ನಾಲ್ಕರ ನಡುವಿನದು. ಒಂದು ಕೈ. ಆ ಕೈಯಲ್ಲಿ ನಾಲ್ಕು ಲೋಟ, ಬೆರಳ ಸಂದಿನಲ್ಲಿ ಸಿಕ್ಕಿಸಿಕೊಂಡು, ಸ್ವಲ್ಪ ವಾಲಿ, ಓಡುತ್ತಿರುವ ಹಾಗೆ. ಒಂದು ಲೋಟದಿಂದ ಕಾಫಿ ತುಳುಕುತ್ತಿದೆ. ಉಡುಪಿ ಹೋಟೆಲಿನಲ್ಲಿ ಒಮ್ಮೆಯಾದರೂ ಕೂತವರಿಗೆ ಆ ಕೈ ಗೊತ್ತು. ಗೊತ್ತಿಲ್ಲದವರಿಗೂ ಬಿಸಿ, ಅವಸರ, ಈಗ ಚೆಲ್ಲುತ್ತದೆ ಅನ್ನುವ ಆತಂಕ ತಿಳಿಯುತ್ತದೆ. ಆಡುವಾಗ ಮಾಡುವ ಕೆಲಸವೂ ಅದೇ. ನಾಲ್ಕೂ ದಾರಿಗಳನ್ನು ಹೋಲಿಸಿ ನಾನು ಕಲಿತದ್ದು ಇಷ್ಟು: ಮುಖವೋ ವಸ್ತುವೋ ಅನ್ನುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಆಡುವವರು ಇದರಲ್ಲಿ ಏನು ಮಾಡುತ್ತಾರೆ ಅನ್ನುವುದು ಆ ಚಿಕ್ಕ ಚೌಕದಲ್ಲಿ ಕಾಣುತ್ತದಾ?

ಆಟದೊಳಗಿನ ಚಿತ್ರವೋ, ಬೇರೆ ಬರೆಸಿದ್ದೋ

ನಿಮ್ಮ ಆಟ ಪಿಕ್ಸೆಲ್ ಕಲೆಯದ್ದಾಗಿದ್ದರೆ (ಚುಕ್ಕೆ ಚುಕ್ಕೆ ಕಾಣುವಂತೆ ಬರೆದದ್ದು) ಈ ಪ್ರಶ್ನೆ ಕಾಡುತ್ತದೆ. ಆಟದ ಸ್ಕ್ರೀನ್‌ಶಾಟ್ ಕತ್ತರಿಸಿ ಕವರ್ ಮಾಡುವುದು ಪ್ರಾಮಾಣಿಕ, ಖರ್ಚೂ ಇಲ್ಲ. ಆದರೆ ಸ್ಕ್ರೀನ್‌ಶಾಟ್‌ನಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಯಾಕೆಂದರೆ ಆಡುವವರಿಗೆ ಎಲ್ಲವೂ ಕಾಣಬೇಕು. ಕವರ್‌ನಲ್ಲಿ ಒಂದೇ ಒಂದು ಕಾಣಬೇಕು. ಇವೆರಡೂ ಒಂದಕ್ಕೊಂದು ವಿರುದ್ಧ.

ಮುಂಬೈಯಲ್ಲಿ ಇದನ್ನು ಚೆನ್ನಾಗಿ ತಿಳಿದಿದ್ದ ಕನ್ನಡನಾಡಿನ ಒಬ್ಬರಿದ್ದರು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್. ಈ ಊರಿಗೆ ಬಂದು ಸಿನಿಮಾ ಪೋಸ್ಟರ್, ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟ, ಆಮೇಲೆ ದೇಶದ ಮನೆಮನೆಯ ಗೋಡೆಗೆ ಹೋದ ಕ್ಯಾಲೆಂಡರ್ ಚಿತ್ರಗಳನ್ನು ಬರೆದರು. ಅವರ ಚಿತ್ರ ಸಿಕ್ಕಿದರೆ ಕಣ್ಣು ಕಿರಿದು ಮಾಡಿ ನೋಡಿ. ಆಕೃತಿ ದೊಡ್ಡದು, ಬೆಳಕು ಅದರ ಮೈಮೇಲೆ, ಹಿನ್ನೆಲೆ ಮೆತ್ತಗೆ ಹಿಂದೆ ಸರಿದಿರುತ್ತದೆ. ಪತ್ರಿಕೆ ಅಂಗಡಿಯಲ್ಲಿ ಹತ್ತಾರು ಪತ್ರಿಕೆಗಳ ನಡುವೆ ಕೂರುವ ಮುಖಪುಟಕ್ಕೂ ನಮ್ಮ ಕ್ಯಾಪ್ಸೂಲ್‌ಗೂ ಇರುವ ಕಷ್ಟ ಒಂದೇ. ಪೋಸ್ಟರ್ ಕಲೆ ಕಲಿಯಲು ನಮಗೆ ಹೊರಗೆ ಹೋಗಬೇಕಾಗಿಲ್ಲ ಅಂತ ನನಗೆ ಅನಿಸುವುದು ಇಂಥವರನ್ನು ನೋಡಿದಾಗ.

ನನ್ನ ಅಭಿಪ್ರಾಯ: ಪಿಕ್ಸೆಲ್ ಆಟಕ್ಕೂ ಬೇರೆ ಚಿತ್ರ ಬರೆಸುವುದು ಒಳ್ಳೆಯದು. ಆದರೆ ಬಣ್ಣದ ಪೆಟ್ಟಿಗೆ ಒಂದೇ ಇರಲಿ. ಆಟದೊಳಗೆ ತಿಳಿ ಹಳದಿ, ಇಟ್ಟಿಗೆ ಕೆಂಪು ಇದ್ದರೆ ಕವರ್‌ನಲ್ಲೂ ಅದೇ. ಪಾತ್ರದ ದೇಹದ ಪ್ರಮಾಣವೂ ಅದೇ. ಆಟದಲ್ಲಿ ದೊಡ್ಡ ತಲೆಯ ಗೊಂಬೆ, ಕವರ್‌ನಲ್ಲಿ ಸಿನಿಮಾ ನಾಯಕ ಇದ್ದರೆ ಕೊಂಡವರಿಗೆ ಮೋಸ ಆದ ಹಾಗೆ ಅನಿಸುತ್ತದೆ. ವಿಮರ್ಶೆಯಲ್ಲಿ ಬರೆಯುತ್ತಾರೆ ಕೂಡ.

ಯಾರು ಬರೆಯುವುದು

ಸ್ವಂತ ಕೈ, ಕಲಾವಿದರು, ಎಐ. ಮೂರು ಆಯ್ಕೆ.

ನಿಮ್ಮ ಕೈಯಲ್ಲಿ ಕಲೆ ಇದ್ದರೆ ಸರಿ. ಇಲ್ಲದಿದ್ದರೆ ಇಡೀ ಆಟದಲ್ಲಿ ಒಂದೇ ಒಂದು ಕಡೆ ಹಣ ಖರ್ಚು ಮಾಡಬಹುದು ಅಂದರೆ ನಾನು ಕವರ್‌ಗೆ ಮಾಡಿ ಅನ್ನುತ್ತೇನೆ. ಮುಂಬೈಯಲ್ಲಿ ಜೆ. ಜೆ. ಕಲಾಶಾಲೆ, ಪವಾಯಿಯ ಐಐಟಿಯ ವಿನ್ಯಾಸ ಶಾಲೆ ಇವೆ. ಅಲ್ಲಿ ಕಲಿತು ಸ್ವಂತವಾಗಿ ಕೆಲಸ ಮಾಡುವವರು ಊರಲ್ಲೇ ಸಿಗುತ್ತಾರೆ. ಎದುರು ಕೂತು ಮಾತಾಡುವುದರ ಬೆಲೆ ದೊಡ್ಡದು. ನನ್ನ ಕಲಾವಿದೆ ಮರಾಠಿ ಮಾತಿನ ಹುಡುಗಿ, ಉಡುಪಿ ಹೋಟೆಲಿನ ಇಡ್ಲಿ ತಿಂದು ಬೆಳೆದವಳು. ಲೋಟ ಹಿಡಿಯುವ ಬೆರಳು ಹೇಗಿರುತ್ತದೆ ಅಂತ ನೋಡಲು ಮಾಟುಂಗಾಕ್ಕೆ ಎರಡು ಬೆಳಗ್ಗೆ ಬಂದು ಸ್ಕೆಚ್ ಮಾಡಿಕೊಂಡಳು. ಹೆಬ್ಬೆರಳು ಲೋಟದ ಅಂಚಿನ ಕೆಳಗೆ ಇರುತ್ತದೆ, ಒಳಗೆ ಅಲ್ಲ ಅಂತ ಹೇಳಿದ್ದು ಅವಳೇ.

ದುಡ್ಡಿನಷ್ಟೇ ಮುಖ್ಯ ಕಾಗದ. ಸುಮ್ನೆ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಮುಗಿಸಬೇಡಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವುದು ಬರಹದಲ್ಲೇ ಆಗಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಿಮ್ಮ ಆಟ ಮೊದಲ ದಿನದಿಂದಲೇ ಜಗತ್ತಿನ ಎಲ್ಲ ಕಡೆ ಮಾರಾಟಕ್ಕೆ ಇರುತ್ತದೆ. ಆದ್ದರಿಂದ ‘ಎಲ್ಲ ದೇಶಗಳಿಗೆ, ಕಾಪಿರೈಟ್ ಇರುವಷ್ಟು ಕಾಲ’ ಅನ್ನುವ ಸಾಲು ಬೇಕೇ ಬೇಕು. ಅದಕ್ಕೆ ತಕ್ಕ ಹಣವನ್ನೂ ಕೊಡಿ. ಕಲಾವಿದರ ಹೆಸರು ಆಟದ ಕೊನೆಯ ಪಟ್ಟಿಯಲ್ಲಿ ಬರಲಿ.

ಇನ್ನೊಂದು ಸಾಲು ಸೇರಿಸಿ: ಫೈಲನ್ನು ಪದರ ಪದರವಾಗಿ ಕೊಡಬೇಕು. ಪಾತ್ರ ಬೇರೆ, ಹಿನ್ನೆಲೆ ಬೇರೆ, ಹೆಸರು ಬೇರೆ. ಅಡ್ಡ ಪಟ್ಟಿ, ನಿಂತ ಪಟ್ಟಿ, ಚೌಕ ಎಲ್ಲಕ್ಕೂ ಇದನ್ನೇ ಜೋಡಿಸಬೇಕಲ್ಲ. ಒಂದೇ ಪದರದ ಚಿತ್ರ ಕೈಗೆ ಬಂದರೆ 600 × 900ಕ್ಕೆ ಕತ್ತರಿಸುವಾಗ ಪಾತ್ರದ ಕೈಯೋ ತಲೆಯೋ ಹೋಗುತ್ತದೆ. ಮೊದಲ ಸಲ ನನಗೆ ಹಾಗೇ ಆಯಿತು. ಮತ್ತೆ ಬರೆಸಲು ಇನ್ನೊಂದು ಸಲ ಹಣ ಕೊಡಬೇಕಾಯಿತು.

ಎಐ ಚಿತ್ರದ ಬಗ್ಗೆ ಕೇಳುವವರು ಜಾಸ್ತಿ. 2024ರ ಜನವರಿಯಿಂದ ಸ್ಟೀಮ್ ಇದನ್ನು ತಿಳಿಸಲು ಹೇಳುತ್ತದೆ, ನೀವು ಕೊಟ್ಟ ವಿವರ ಪೇಜ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ನಾನು ಬೇಡ ಅಂದದ್ದಕ್ಕೆ ಕಾರಣ ಅದೊಂದೇ ಅಲ್ಲ. ಪ್ರಯತ್ನ ಮಾಡಿ ನೋಡಿದೆ. ದಬರಾ ಬದಲು ಚಹಾದ ಕಪ್ ಬಂತು, ಉಡುಪಿ ಹೋಟೆಲ್ ಬದಲು ಯಾವುದೋ ದೇಶದ ಕೆಫೆ ಬಂತು. ನಮ್ಮ ಊರಿನ ವಸ್ತುಗಳನ್ನು ಕಂಡ ಕಣ್ಣು ಬೇಕು. ನನ್ನ ಅಜ್ಜನ ಕೈಯನ್ನು ಒಬ್ಬ ಮನುಷ್ಯರೇ ನೋಡಿ ಬರೆಯಲಿ ಅನ್ನುವುದೂ ಮನಸ್ಸಿನಲ್ಲಿತ್ತು.

ಹೆಸರು ಬರೆಯುವ ಬಗೆ

ಸ್ಮಾಲ್ ಕ್ಯಾಪ್ಸೂಲ್‌ನಲ್ಲಿ ಹೆಸರು ಹೆಚ್ಚುಕಡಿಮೆ ಇಡೀ ಜಾಗ ತುಂಬಬೇಕು ಅಂತ ಸ್ಟೀಮ್‌ನ ಸೂಚನೆಯಲ್ಲೇ ಇದೆ. ಆದ್ದರಿಂದ ಚಿಕ್ಕ ಹೆಸರಿಗೆ ದೊಡ್ಡ ಲಾಭ. ‘ರಾಜಿ’ ಅನ್ನುವುದನ್ನು ಎಷ್ಟು ದೊಡ್ಡದಾಗಿಯೂ ಬರೆಯಬಹುದು, ಉಪಶೀರ್ಷಿಕೆಯನ್ನು ಕೆಳಗೆ ಸಣ್ಣದಾಗಿ ಇಡಬಹುದು.

ಕನ್ನಡದ ಹೆಸರಿಗೆ ನಮ್ಮದೇ ಒಂದು ಕಷ್ಟ ಇದೆ. ನನ್ನ ಆಟದ ಕನ್ನಡ ಹೆಸರು ‘ನಾಲ್ಕು ಲೋಟ’. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ‘ಲ್ಕು’ ಕೆಳಗೆ ಇಳಿಯುತ್ತದೆ, ‘ಲೋ’ ಪಕ್ಕಕ್ಕೆ ಚಾಚುತ್ತದೆ. ಒತ್ತಕ್ಷರಕ್ಕೆ ಜಾಗ ಬಿಟ್ಟರೆ ಮೇಲಿನ ಅಕ್ಷರ ಸಣ್ಣದಾಗುತ್ತದೆ. ಜಾಗ ಬಿಡದಿದ್ದರೆ ಒತ್ತು ಅಂಚಿನಲ್ಲಿ ಕತ್ತರಿಸಿ ಹೋಗುತ್ತದೆ. 120 × 45ರಲ್ಲಿ ಓದಿದವರೊಬ್ಬರು ‘ನಾಲು ಲೋಟ’ ಅಂದರು. ಎರಡು ಉಪಾಯ ಇವೆ. ಒತ್ತನ್ನು ಅಕ್ಷರದ ಅಡಿಗೆ ಬಿಡದೆ ಬಲಗಡೆಗೆ ಸ್ವಲ್ಪ ಎತ್ತಿ ಕೂರಿಸುವುದು. ಇಲ್ಲವೇ ಹೆಸರನ್ನು ಎರಡು ಸಾಲು ಮಾಡಿ, ಒತ್ತು ಕೆಳಗಿನ ಸಾಲಿನ ಖಾಲಿ ಜಾಗಕ್ಕೆ ಇಳಿಯುವಂತೆ ಹೊಂದಿಸುವುದು. ಫಾಂಟ್ ಟೈಪ್ ಮಾಡಿ ಬಿಟ್ಟರೆ ಇದು ಆಗುವುದಿಲ್ಲ. ಕೈಯಲ್ಲೇ ಬರೆಸಬೇಕು. ಹೆಸರಿಡುವ ಹಂತದಲ್ಲೇ ಇದ್ದರೆ ಒತ್ತು ಕಡಿಮೆ ಇರುವ ಹೆಸರು ನೋಡಿ.

ಎರಡು ಲಿಪಿಯನ್ನೂ ಒಂದೇ ಚೌಕದಲ್ಲಿ ತುರುಕುವುದಕ್ಕೆ ನನ್ನ ವಿರೋಧ ಇದೆ. ಸ್ಟೇಷನ್ ಫಲಕದಲ್ಲಿ ಜಾಗ ಇರುತ್ತದೆ, ನಮ್ಮಲ್ಲಿ ಇಲ್ಲ. ಸ್ಟೀಮ್‌ನಲ್ಲಿ ಇಂಗ್ಲಿಷ್ ಹೆಸರು, ಪ್ಲೇ ಸ್ಟೋರಿನ ಕನ್ನಡ ಪೇಜ್‌ನಲ್ಲಿ ಕನ್ನಡ ಹೆಸರು ಅಂತ ಬೇರೆ ಮಾಡಿದ್ದೇನೆ. ಮೊದಲು ಕನ್ನಡ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಹಿಂದಿಯವರಿಗೆ ‘ಲೋಟಾ’ ಅಂದರೆ ಬೇರೆ ಪಾತ್ರೆ ಅಂತ ಡೊಂಬಿವಲಿಯ ಗೆಳೆಯ ನೆನಪಿಸಿದ. ಮುಂಬೈಯಲ್ಲಿ ಇದ್ದು ಇಂಥದ್ದನ್ನು ನಾಲ್ಕು ಭಾಷೆಯವರ ಹತ್ತಿರ ಕೇಳದೆ ಇರಬಾರದು. ಹಾಗಾಗಿ ಅದು ‘ಫೋರ್ ಟಂಬ್ಲರ್ಸ್’ ಆಯಿತು.

ಹೆಸರು, ಅಧಿಕೃತ ಉಪಶೀರ್ಷಿಕೆ, ಚಿತ್ರ. ಇಷ್ಟು ಬಿಟ್ಟು ಸ್ಟೀಮ್ ಕ್ಯಾಪ್ಸೂಲ್ ಮೇಲೆ ಬೇರೇನೂ ಬರೆಯುವ ಹಾಗಿಲ್ಲ. 2022ರ ಸೆಪ್ಟೆಂಬರ್ 1ರಿಂದ ಈ ನಿಯಮ ಇದೆ. ವಿಮರ್ಶೆಯ ಅಂಕ, ಪ್ರಶಸ್ತಿಯ ಚಿಹ್ನೆ, ಇಷ್ಟು ರಿಯಾಯಿತಿ ಅನ್ನುವ ಪಟ್ಟಿ, ಯಾವುದೂ ಬೇಡ. ನಮ್ಮಂಥ ಚಿಕ್ಕವರಿಗೆ ಇದು ಒಳ್ಳೆಯದೇ ಆಯಿತು.

ಯಾವ ಅಂಗಡಿ

ಸ್ಟೀಮ್‌ನ ಗೋಡೆ ಕಡು ನೀಲಿ. ಕವರ್‌ನ ಅಂಚು ಕಪ್ಪಾಗಿದ್ದರೆ ಅದು ಗೋಡೆಯಲ್ಲಿ ಕರಗಿಹೋಗುತ್ತದೆ. ನನ್ನ ಕೈಯ ಹಿಂದೆ ಗಾಢ ಹಳದಿ ಇರುವುದು ಇದಕ್ಕೇ.

ಇಚ್ ಡಾಟ್ ಐಒ (itch.io) ಸಣ್ಣ ಆಟ ಮಾಡುವವರ ಆನ್‌ಲೈನ್ ಅಂಗಡಿ. ಅಲ್ಲಿ ಕವರ್ 630 × 500. ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರ. ಅಲ್ಲಿ ಅಲುಗಾಡುವ ಜಿಫ್ ಇಡಬಹುದು. ಚಿಕ್ಕ ಆಟಕ್ಕೆ, ಒಂದು ವಾರದಲ್ಲಿ ಮಾಡಿದ ಆಟಕ್ಕೆ ಇದು ಸುಲಭದ ದಾರಿ: ಆಡುವಾಗಿನ ಎರಡು ಸೆಕೆಂಡು ರೆಕಾರ್ಡ್ ಮಾಡಿ ಹಾಕಿದರೆ ಏನು ಮಾಡುವ ಆಟ ಅಂತ ತಾನೇ ತಿಳಿಯುತ್ತದೆ. ಜಿಫ್ ನಿಂತಾಗ ಕಾಣುವ ಮೊದಲ ಚಿತ್ರ ಮಾತ್ರ ಚೆನ್ನಾಗಿರಲಿ.

ಪ್ಲೇ ಸ್ಟೋರಿನ ಲೆಕ್ಕ ಬೇರೆ. ಅಲ್ಲಿ 512 × 512 ಐಕಾನ್ ಮುಖ್ಯ. ಅದರಲ್ಲಿ ಹೆಸರು ಬರೆಯಲು ಹೋಗಬೇಡಿ, ಐಕಾನ್ ಪಕ್ಕದಲ್ಲೇ ಹೆಸರು ಇರುತ್ತದೆ. ಮೂಲೆಗಳನ್ನು ಗೂಗಲ್ ತಾನೇ ದುಂಡಗೆ ಮಾಡುತ್ತದೆ, ನೀವು ಮಾಡಿದರೆ ಎರಡು ಸಲ ಆಗುತ್ತದೆ. ‘ಫ್ರೀ’, ‘ಬೆಸ್ಟ್’, ‘ನಂಬರ್ 1’ ಅನ್ನುವ ಮಾತು ಐಕಾನ್ ಮೇಲೆ ಬರೆದರೆ ನಿಯಮ ಮೀರಿದ ಹಾಗೆ. ಆಟವನ್ನು ಪರಿಚಯಿಸುವ ಅಡ್ಡ ಚಿತ್ರ, ಅಂದರೆ ಫೀಚರ್ ಗ್ರಾಫಿಕ್, 1024 × 500, ಅದು ಸ್ಟೀಮ್ ಹೆಡರ್‌ಗೆ ಹತ್ತಿರದ ಆಕಾರ, ಹಾಗಾಗಿ ಒಂದರಿಂದ ಇನ್ನೊಂದು ಮಾಡಬಹುದು. ವಿಡಿಯೊ ಹಾಕಿದ್ದರೆ ಮಧ್ಯದಲ್ಲಿ ಪ್ಲೇ ಬಟನ್ ಬಂದು ಕೂರುತ್ತದೆ. ಅಲ್ಲಿ ಮುಖ ಇಟ್ಟಿದ್ದರೆ ಮೂಗಿನ ಮೇಲೆ ಬಟನ್.

ನನ್ನ ನಾಲ್ಕು ಲೋಟ ಐಕಾನ್‌ನಲ್ಲಿ ಹಿಡಿಸಲಿಲ್ಲ. ಅಲ್ಲಿ ಒಂದೇ ಲೋಟ, ಎರಡು ಬೆರಳು, ತುಳುಕುವ ಕಾಫಿ ಇಟ್ಟೆ. ಸ್ಟೀಮ್‌ಗೆ ಸೋತ ವಸ್ತುವಿನ ದಾರಿ ಐಕಾನ್‌ಗೆ ಗೆದ್ದಿತು. ಒಂದೇ ಉತ್ತರ ಎಲ್ಲ ಅಂಗಡಿಗೂ ನಡೆಯುವುದಿಲ್ಲ.

ಆರಿಸುವ ಮೊದಲು

ಗೆಳೆಯರಿಗೆ ತೋರಿಸಿ ಚೆನ್ನಾಗಿದೆಯಾ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಪ್ರೀತಿಯಿಂದ ಅನ್ನುತ್ತಾರೆ, ಆದರೆ ಉಪಯೋಗವಿಲ್ಲ. ನಾನು ಹೀಗೆ ಮಾಡಿದೆ. ನನ್ನ ಬಗೆಯ ಆಟಗಳ ಸ್ಟೀಮ್ ಪಟ್ಟಿಯ ಫೋಟೋ ತೆಗೆದು, ಅದರ ನಡುವೆ ನನ್ನ ಕವರ್ ಅಂಟಿಸಿದೆ. ಮೊಬೈಲ್‌ನಲ್ಲಿ ಎರಡು ಸೆಕೆಂಡು ತೋರಿಸಿ ಮುಚ್ಚಿದೆ. ಯಾವುದು ನೆನಪಿದೆ, ಅದರಲ್ಲಿ ಏನು ಮಾಡಬೇಕಾಗುತ್ತದೆ ಅಂತ ಎರಡೇ ಪ್ರಶ್ನೆ.

ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಬಂದ ಹಿರಿಯರಿಗೆ ತೋರಿಸಿದಾಗ ಎಲ್ಲರೂ ಸರಿಯಾಗಿ ಹೇಳಿದರು. ಒಬ್ಬರ ಕಣ್ಣು ತುಂಬಿ ಬಂತು, ತಾವೂ ಹಾಗೆ ಲೋಟ ಹಿಡಿದವರು ಅಂದರು. ಆ ಗಳಿಗೆ ನನಗೆ ಯಾವ ಮಾರಾಟಕ್ಕಿಂತಲೂ ದೊಡ್ಡದು. ಆದರೆ ಕವರ್ ಆರಿಸಲು ಆ ಉತ್ತರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರಿಗೆ ಆ ಕೈ ಮೊದಲೇ ಗೊತ್ತಿತ್ತು. ಪುಣೆಯಲ್ಲಿ, ಉಡುಪಿ ಹೋಟೆಲಿನ ನೆನಪೇನೂ ಇಲ್ಲದ, ಇಂಥ ಆಟಗಳನ್ನು ದಿನಾ ಆಡುವ ಹುಡುಗ ಹುಡುಗಿಯರು ಹೇಳಿದ್ದನ್ನು ಬರೆದುಕೊಂಡೆ.

ಚಿತ್ರವನ್ನು ಕಪ್ಪು ಬಿಳುಪು ಮಾಡಿಯೂ ನೋಡಿ. ಬಣ್ಣ ಹೋದ ಮೇಲೆ ಹೆಸರು ಹಿನ್ನೆಲೆಯಲ್ಲಿ ಮುಳುಗಿದರೆ ಬೆಳಕು ಕತ್ತಲೆಯ ಅಂತರ ಸಾಲದು ಅಂತ ಅರ್ಥ. ಕೆಂಪಿನ ಮೇಲೆ ಹಸಿರು ಕಣ್ಣಿಗೆ ಹೊಡೆಯುತ್ತದೆ ಅನಿಸುತ್ತದೆ, ಬೂದು ಮಾಡಿದರೆ ಎರಡೂ ಒಂದೇ ಆಗಿಬಿಡಬಹುದು.

ಪ್ಲೇ ಸ್ಟೋರಿನಲ್ಲಿ ಎರಡು ಐಕಾನ್‌ಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸುವ ಸೌಲಭ್ಯ, ಆಟ ಮಾಡಿದವರಿಗೆ ಗೂಗಲ್ ಕೊಡುವ ಕನ್ಸೋಲ್ ಪೇಜ್‌ನಲ್ಲೇ ಇದೆ. ಸ್ಟೀಮ್‌ನಲ್ಲಿ ಹಾಗೆ ಇಲ್ಲ. ಎಷ್ಟು ಜನರ ಕಣ್ಣಿಗೆ ಬಿತ್ತು, ಎಷ್ಟು ಜನ ಪೇಜ್‌ಗೆ ಬಂದರು ಅನ್ನುವ ಲೆಕ್ಕ ಮಾತ್ರ ಸಿಗುತ್ತದೆ. ಕವರ್ ಬದಲಿಸುವ ವಾರ ಬೇರೆ ಏನನ್ನೂ ಬದಲಿಸಬೇಡಿ. ಡೆಮೊ, ಸೇಲ್, ಹೊಸ ಟ್ರೇಲರ್ ಎಲ್ಲ ಒಟ್ಟಿಗೆ ಬಂದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ.

ದೊಡ್ಡ ಅಪ್‌ಡೇಟ್ ಬಂದಾಗ ಸ್ವಲ್ಪ ಕಾಲಕ್ಕೆ ಬೇರೆ ಕ್ಯಾಪ್ಸೂಲ್ ಇಡಲು ಸ್ಟೀಮ್ ಬಿಡುತ್ತದೆ, ಹೆಚ್ಚೆಂದರೆ ಒಂದು ತಿಂಗಳು. ನನ್ನ ಆಟಕ್ಕೆ ರಾತ್ರಿಶಾಲೆಯ ಹೊಸ ಅಧ್ಯಾಯ ಬರುತ್ತಿದೆ. ಅದಕ್ಕೆ ಅದೇ ಕೈ, ಲೋಟಗಳ ಜಾಗದಲ್ಲಿ ಸ್ಲೇಟು. ಕಲಾವಿದೆ ನಿನ್ನೆ ಸ್ಕೆಚ್ ಕಳಿಸಿದಳು. 120 × 45ರಲ್ಲಿ ಸ್ಲೇಟು ಮೊಬೈಲ್ ಫೋನಿನ ಹಾಗೆ ಕಾಣುತ್ತಿದೆ. ಮರದ ಚೌಕಟ್ಟನ್ನು ದಪ್ಪ ಮಾಡಿ, ಮೂಲೆಗೆ ದಾರ ಕಟ್ಟಿದ ಬಳಪ ತೂಗಿಬಿಡು ಅಂತ ಹೇಳಿದ್ದೇನೆ.